ಎರೆ ನೆಲದ ಮನೆಗೆ ಉಕ್ಕಿನ ಆಧಾರ: ಮೊದಲು ಮಣ್ಣಿನ ಲೆಕ್ಕ ಆಗಲಿ

ಸಂಪಾದಕರಿಗೆ,

ಮಾನ್ಯರೇ,

ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ದಿನಪತ್ರಿಕೆಯ ಮಡಿಕೆಯೊಳಗೆ ಸೇರಿಕೊಂಡು ಬರುವ ಕರಪತ್ರಗಳಲ್ಲಿ ಈಚೆಗೆ ಹೊಸ ಬಗೆಯದೊಂದು ಕಾಣಿಸತೊಡಗಿದೆ. ಗೋಡೆ ಬಿರುಕು ಬಿಟ್ಟಿದೆಯೇ, ನೆಲ ಇಳಿದಿದೆಯೇ, ಬಾಗಿಲು ಕೂಡಿಬರುತ್ತಿಲ್ಲವೇ ಎಂದು ಕೇಳುವ ಈ ಕರಪತ್ರಗಳು, ತಳಪಾಯದ ಕೆಳಗೆ ಉಕ್ಕಿನ ಕೊಳವೆಗಳನ್ನು ಆಳಕ್ಕೆ ಇಳಿಸಿ, ಮನೆಯ ಭಾರವನ್ನು ಗಟ್ಟಿ ನೆಲಕ್ಕೆ ದಾಟಿಸಿ, ಕೆಲವೇ ದಿನಗಳಲ್ಲಿ ಕುಸಿತ ನಿಲ್ಲಿಸಿಕೊಡುವುದಾಗಿ ಹೇಳುತ್ತವೆ. ಜೊತೆಗೆ ಜೀವಮಾನದ ಗ್ಯಾರಂಟಿಯನ್ನೂ ಸೇರಿಸುತ್ತವೆ. ಯಾರ ಜೀವಮಾನ ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ಕಟ್ಟಡ ಕಾಮಗಾರಿಯಲ್ಲೇ ಸೇವೆ ಸಲ್ಲಿಸಿ ನಿವೃತ್ತನಾದವನಾದ್ದರಿಂದ ಪರಿಚಯದವರು ಆಗಾಗ ಇಂಥ ಕರಪತ್ರ ಹಿಡಿದು ಸಲಹೆ ಕೇಳಲು ಬರುತ್ತಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ತಮ್ಮ ಪತ್ರಿಕೆಯ ಮೂಲಕ ಎಲ್ಲರಿಗೂ ತಿಳಿಸುವುದು ಒಳಿತೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಸ್ಪಷ್ಟಪಡಿಸುತ್ತೇನೆ: ಈ ವಿಧಾನ ಮೋಸದ್ದಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಆಳಕ್ಕೆ, ಸರಿಯಾದ ಲೆಕ್ಕದಿಂದ ಮಾಡಿದರೆ ಕುಸಿಯುತ್ತಿರುವ ಮನೆಯನ್ನು ಕೆಡವದೆ ಉಳಿಸಿಕೊಳ್ಳಲು ಇದಕ್ಕಿಂತ ಉತ್ತಮವಾದ ದಾರಿ ಬಹಳ ಇಲ್ಲ. ನನ್ನ ತಕರಾರು ಇರುವುದು ಮಣ್ಣನ್ನು ಪರೀಕ್ಷಿಸದೆ, ಕುಸಿತದ ಕಾರಣ ಹುಡುಕದೆ, ಇಳಿಸಿದ ಕೊಳವೆಗಳ ದಾಖಲೆಯನ್ನೂ ಕೊಡದೆ ನಡೆಯುತ್ತಿರುವ ಕೆಲಸದ ಬಗ್ಗೆ. ನಮ್ಮ ಭಾಗದ ಎರೆ ಮಣ್ಣಿನಲ್ಲಿ ಹಾಗೆ ಮಾಡಿದ ಕೆಲಸ ಹಣ ವ್ಯರ್ಥ ಮಾಡುವುದಷ್ಟೇ ಅಲ್ಲ, ಚೆನ್ನಾಗಿದ್ದ ಗೋಡೆಯನ್ನೂ ಕೆಡಿಸಬಲ್ಲದು.

ಎರೆ ಭೂಮಿಯ ಸ್ವಭಾವ ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಸೀಳುವ ಅದೇ ಹೊಲ ಮಳೆ ಬಿದ್ದ ಮೇಲೆ ಸೀಳೆಲ್ಲ ಮುಚ್ಚಿಕೊಂಡು ಉಬ್ಬುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಹಿಡಿದು ಹಿಗ್ಗುವುದು, ನೀರು ಬಿಟ್ಟು ಕುಗ್ಗುವುದು ಇದಕ್ಕೆ ಕಾರಣ. ಹೊಲದಲ್ಲಿ ಈ ಏರಿಳಿತದಿಂದ ತೊಂದರೆಯಿಲ್ಲ. ಅದರ ಮೇಲೆ ಕಲ್ಲು-ಇಟ್ಟಿಗೆಯ ಮನೆ ಕಟ್ಟಿದಾಗ ತೊಂದರೆ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲೂ ತಾಗುವುದಿಲ್ಲ, ಗಾಳಿಯೂ ತಾಗುವುದಿಲ್ಲ. ಅಲ್ಲಿನ ತೇವ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹೊರಗೋಡೆಯ ಕೆಳಗಿನ ಮಣ್ಣು ಮಾತ್ರ ಏಪ್ರಿಲ್-ಮೇ ಹೊತ್ತಿಗೆ ಒಣಗಿ ಕುಗ್ಗುತ್ತದೆ, ಮಳೆಗಾಲದ ಕೊನೆಯ ಹೊತ್ತಿಗೆ ನೆನೆದು ಮೇಲೇಳುತ್ತದೆ. ಮನೆಯ ಅಂಚು ವರ್ಷಕ್ಕೊಮ್ಮೆ ಹೀಗೆ ಇಳಿದು ಏರುತ್ತಿದ್ದರೆ ಗೋಡೆ ಎಲ್ಲೋ ಒಂದು ಕಡೆ ಬಾಯಿಬಿಡಲೇಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಮೇಲೆ ಅಗಲವಾಗಿ, ಕೆಳಗೆ ಕೂದಲೆಳೆಯಷ್ಟಾಗಿದ್ದರೆ ಮನೆಯ ಅಂಚು ಇಳಿದಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಕೆಳಗೆ ಅಗಲವಾಗಿದ್ದರೆ ನಡುಭಾಗ ತಗ್ಗಿದೆ ಎಂದು. ಜನವರಿಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಆಗಸ್ಟಿನಲ್ಲಿ ಚೌಕಟ್ಟಿಗೆ ಹಿಡಿದುಕೊಂಡರೆ ಬಡಗಿಯನ್ನು ಕರೆಸಿ ರಂದ ಹೊಡೆಸುವ ಮೊದಲು ನೆಲದ ಕಡೆ ಒಮ್ಮೆ ನೋಡುವುದು ಒಳ್ಳೆಯದು.

ನೋಡುವುದೆಂದರೆ ಅಳೆಯುವುದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಅದರ ಒಂದು ತುದಿಯನ್ನು ಅಲುಗದ ಒಂದು ಗುರುತಿಗೆ ಹಿಡಿದು, ಇನ್ನೊಂದು ತುದಿಯನ್ನು ಮನೆಯ ಪ್ರತಿ ಮೂಲೆಗೂ ಒಯ್ದು, ಪ್ಲಿಂತ್ (ನೆಲಮಟ್ಟದಿಂದ ಮೇಲೆದ್ದ ಪಾಯದ ಭಾಗ) ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ತಾರೀಖು ಬರೆದಿಡಬೇಕು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿ ಗಟ್ಟಿಯಾಗಿ ಅಂಟಿಸಿದರೆ, ಗೋಡೆ ಅಲುಗುತ್ತಿದ್ದಲ್ಲಿ ಅದು ತಾನಾಗಿ ಒಡೆಯುತ್ತದೆ. ಎರಡು ತಿಂಗಳಿಗೊಮ್ಮೆ ಹೀಗೆ ಅಳತೆ ತೆಗೆದುಕೊಂಡು ಒಂದು ಪೂರ್ತಿ ವರ್ಷ ಕಳೆದರೆ, ಮನೆ ಒಂದೇ ದಿಕ್ಕಿಗೆ ಇಳಿಯುತ್ತಲೇ ಇದೆಯೋ ಅಥವಾ ಋತುವಿಗೆ ತಕ್ಕಂತೆ ಇಳಿದು ಏರುತ್ತಿದೆಯೋ ಎಂಬುದು ತಿಳಿದುಬಿಡುತ್ತದೆ. ಈ ಎರಡಕ್ಕೂ ಪರಿಹಾರ ಬೇರೆ ಬೇರೆ. ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ ಭಾರತೀಯ ಮಾನಕ ಐಎಸ್ 1904 ಒಪ್ಪುವ ಇಳಿತದ ವ್ಯತ್ಯಾಸ ಅಂತರದ 1/666 ಭಾಗ ಮಾತ್ರ. ಅಂದರೆ 4 ಮೀಟರ್ ದೂರದ ಎರಡು ಕಾಲಂಗಳ ನಡುವೆ ಸುಮಾರು 6 ಮಿಲಿಮೀಟರ್. ಭಾರ ಹೊರುವ ಇಟ್ಟಿಗೆ ಗೋಡೆಗಳಿಗೆ ಇದಕ್ಕಿಂತಲೂ ಬಿಗಿ. ಇಷ್ಟು ಸಣ್ಣ ಅಳತೆಯ ವಿಷಯದಲ್ಲಿ ಕಣ್ಣಂದಾಜಿನಿಂದ ತೀರ್ಮಾನಕ್ಕೆ ಬರುವುದು ಹೇಗೆ ಸಾಧ್ಯ?

ಅಳತೆಯ ಜೊತೆಗೆ ಕಾರಣವೂ ಗೊತ್ತಾಗಬೇಕು. ಅನೇಕ ಮನೆಗಳಲ್ಲಿ ಕಾರಣ ಹಿತ್ತಲಿನಲ್ಲೇ ಇರುತ್ತದೆ: ಸೋರುವ ಸಂಪು, ಒಡೆದ ಒಳಚರಂಡಿ ಪೈಪು, ಪಾಯಕ್ಕೆ ತಾಗಿಕೊಂಡೇ ತೋಡಿಸಿದ ಸೆಪ್ಟಿಕ್ ಗುಂಡಿ, ಮಾಳಿಗೆಯ ಮಳೆನೀರನ್ನು ನೇರವಾಗಿ ಗೋಡೆಯ ಬುಡಕ್ಕೆ ಸುರಿಯುವ ಕೊಳವೆ. ನಮ್ಮ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ನಿರಂತರ ನೀರು ಪೂರೈಕೆ ಆರಂಭವಾದದ್ದು ಒಳ್ಳೆಯದೇ ಆಯಿತು. ಆದರೆ ವಾರಕ್ಕೊಮ್ಮೆ ನೀರು ಬರುತ್ತಿದ್ದಾಗ ವಾರಕ್ಕೊಮ್ಮೆ ಮಾತ್ರ ಸೋರುತ್ತಿದ್ದ ಹಳೆಯ ಜೋಡಣೆ, ಪೈಪಿನಲ್ಲಿ ಸದಾ ಒತ್ತಡವಿರುವಾಗ ಹಗಲೂ ರಾತ್ರಿ ಸೋರುತ್ತದೆ ಎಂಬುದನ್ನು ಮನೆಯವರು ಮರೆಯಬಾರದು. ಎರೆ ಮಣ್ಣಿಗೆ ಅಷ್ಟು ಸಾಕು. ಮರಗಳ ವಿಷಯ ಇನ್ನೂ ಸೂಕ್ಷ್ಮ. ಗೋಡೆಗೆ ಸಮೀಪ ಬೆಳೆದ ದೊಡ್ಡ ಮರ ಬೇಸಿಗೆಯಲ್ಲಿ ಪಾಯದ ಕೆಳಗಿನ ತೇವ ಹೀರಿ ಮಣ್ಣನ್ನು ಕುಗ್ಗಿಸುತ್ತದೆ, ಸರಿ. ಆದರೆ ಹತ್ತಿಪ್ಪತ್ತು ವರ್ಷದ ಮರವನ್ನು ಸಿಟ್ಟಿನಿಂದ ಒಮ್ಮೆಗೇ ಕಡಿದರೆ, ಅಷ್ಟು ವರ್ಷ ಒಣಗಿದ್ದ ಮಣ್ಣು ಮತ್ತೆ ನೀರು ಕುಡಿದು ಉಬ್ಬಿ ಗೋಡೆಯನ್ನು ಮೇಲಕ್ಕೆ ದೂಡುವುದೂ ಉಂಟು.

ಇದಲ್ಲದೆ ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಕಾರಣವಿದೆ. ಹಳೆಯ ವಾಡೆಗಳ, ಮನೆಗಳ ಅಂಗಳದಲ್ಲಿ ಜೋಳ ತುಂಬಿಡಲು ತೋಡಿದ ಹಗೇವುಗಳು ಎಷ್ಟೋ ಊರುಗಳಲ್ಲಿ ಈಗಲೂ ನೆಲದೊಳಗೆ ಉಳಿದುಕೊಂಡಿವೆ. ಆಸ್ತಿ ಪಾಲಾಗಿ, ಹಳೆಯ ಮನೆ ಕೆಡವಿ, ಅದೇ ಜಾಗದಲ್ಲಿ ಹೊಸ ಮನೆ ಕಟ್ಟುವಾಗ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದು ಮುಂದುವರಿಯುವುದು ನಡೆದುಬಂದಿದೆ. ಹಿರಿಯರು ತೀರಿಕೊಂಡ ಮೇಲೆ ಹಗೇವು ಎಲ್ಲಿತ್ತೆಂದು ಹೇಳುವವರೂ ಇರುವುದಿಲ್ಲ. ಅಂಥ ಪೊಳ್ಳು ಪಾಯದ ಕೆಳಗಿದ್ದು ಒಂದು ಮಳೆಗಾಲದಲ್ಲಿ ಒಳಗೆ ಜರಿದರೆ, ಉಬ್ಬು-ಕುಗ್ಗುಗಳ ಲೆಕ್ಕವೇ ಅಲ್ಲಿಗೆ ಅನ್ವಯಿಸುವುದಿಲ್ಲ. ಮೊದಲು ಆ ಪೊಳ್ಳನ್ನು ಹುಡುಕಿ ತುಂಬಬೇಕಾಗುತ್ತದೆ. ಬೆಂಗಳೂರಿನ ಕಥೆ ಇನ್ನೊಂದು ಬಗೆಯದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದ ಆ ನಗರದಲ್ಲಿ ತುಂಬಿದ ಕೆರೆಯಂಗಳದ ಮೇಲೆ ನಿಂತ ಖಾಸಗಿ ಮನೆಗಳಿಗೂ ಕೊರತೆಯಿಲ್ಲ. ಅಲ್ಲಿನ ಭರ್ತಿ ಮಣ್ಣು ತನ್ನ ಭಾರಕ್ಕೇ ವರ್ಷಗಟ್ಟಲೆ ಕುಗ್ಗುತ್ತ ಹೋಗುತ್ತದೆ, ಮತ್ತೆ ಏಳುವುದಿಲ್ಲ. ಅಂಥ ಕಡೆ ಭರ್ತಿಯನ್ನು ದಾಟಿ ಗಟ್ಟಿ ಪದರ ಮುಟ್ಟುವ ಉಕ್ಕಿನ ಆಧಾರ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಈಗ ಆಧಾರಗಳ ವಿಷಯಕ್ಕೆ ಬರುತ್ತೇನೆ. ಉಕ್ಕಿನ ಆಧಾರವೆಂದು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿರುವುದು ಮುಖ್ಯವಾಗಿ ಮೂರು ಬೇರೆ ಬೇರೆ ವಸ್ತುಗಳು. ಮೊದಲನೆಯದರಲ್ಲಿ ಪಾಯದ ಬದಿಗೆ ಗುಂಡಿ ತೋಡಿ, ಪಾಯದ ಅಡಿಗೆ ಉಕ್ಕಿನ ಬ್ರ್ಯಾಕೆಟ್ ಒಂದನ್ನು ಬೋಲ್ಟ್ ಹಾಕಿ ಬಿಗಿದು, ಅದರ ಮೂಲಕ ತುಂಡು ತುಂಡಾದ ಉಕ್ಕಿನ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೈಡ್ರಾಲಿಕ್ ಜಾಕಿನಿಂದ ನೆಲದೊಳಕ್ಕೆ ಒತ್ತುತ್ತಾರೆ. ಜಾಕ್ ಕೊಳವೆಯನ್ನು ಕೆಳಕ್ಕೆ ದೂಡುವಾಗ ಅದಕ್ಕೆ ಎದುರೊತ್ತು ಕೊಡುವುದು ಮನೆಯ ಭಾರವೇ. ಎರಡನೆಯದು ತಿರುಪು ಕಂಬ: ಉಕ್ಕಿನ ದಂಡಕ್ಕೆ ಸುರುಳಿ ತಟ್ಟೆಗಳನ್ನು ಬೆಸೆದು, ಮರಕ್ಕೆ ಸ್ಕ್ರೂ ತಿರುಗಿಸಿದಂತೆ ಯಂತ್ರದಿಂದ ನೆಲಕ್ಕೆ ತಿರುಗಿಸುವುದು. ಇದು ಹೊಸದೇನಲ್ಲ, ಕಣ್ಣು ಕಾಣದ ಐರಿಷ್ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲೇ ಇದಕ್ಕೆ ಪೇಟೆಂಟ್ ಪಡೆದು, 1838ರಲ್ಲಿ ಥೇಮ್ಸ್ ನದಿಮುಖದ ಮ್ಯಾಪ್ಲಿನ್ ಮರಳುದಿಬ್ಬದ ದೀಪಸ್ತಂಭಕ್ಕೆ ಇಂಥ ಕಂಬಗಳನ್ನು ಇಳಿಸಿದ್ದ. ಮೂರನೆಯದು ಮೈಕ್ರೊಪೈಲ್: ಸಣ್ಣ ವ್ಯಾಸದ ಬೋರ್ ಕೊರೆದು, ಒಳಗೆ ಉಕ್ಕಿನ ಸರಳನ್ನೋ ಕೊಳವೆಯನ್ನೋ ಇಳಿಸಿ, ಸಿಮೆಂಟ್ ಗ್ರೌಟನ್ನು, ಅಂದರೆ ಸಿಮೆಂಟಿನ ತೆಳು ಕಲಸನ್ನು, ಒತ್ತಡದಲ್ಲಿ ತುಂಬುವುದು. ಎರಡನೆಯ ಮಹಾಯುದ್ಧದ ನಂತರ ಇಟಲಿಯ ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳಲು ಫೆರ್ನಾಂಡೊ ಲಿಝಿ 1952ರ ಸುಮಾರಿಗೆ ರೂಪಿಸಿದ ವಿಧಾನವಿದು.

ಈ ಮೂರರಲ್ಲಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಮನೆಯ ತೂಕದಲ್ಲೇ ಇದೆ, ಆದರೆ ಆ ತೂಕದ ಲೆಕ್ಕ ಹಾಕಿದವರನ್ನು ನಾನು ಕಂಡದ್ದು ಕಡಿಮೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಆರ್‌ಸಿಸಿ ಸ್ಲ್ಯಾಬು, ಸೈಜುಗಲ್ಲಿನ ಪಾಯ ಇರುವ ಒಂದಂತಸ್ತಿನ ಮನೆಯಲ್ಲಿ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಪಾಯವೂ ಸೇರಿ ಸುಮಾರು 4 ಟನ್ ಭಾರ ಬರುತ್ತದೆ. ಮೇಲೆ ಇನ್ನೊಂದು ಮಹಡಿಯಿದ್ದರೆ 6 ಟನ್ ಹತ್ತಿರ. ಒಂದೂವರೆ ಮೀಟರಿಗೆ ಒಂದರಂತೆ ಆಧಾರ ಕೊಟ್ಟರೆ ಒಂದೊಂದರ ಮೇಲೆ ಒಂದಂತಸ್ತಿನ ಮನೆಯಲ್ಲಿ 6 ಟನ್, ಎರಡಂತಸ್ತಿನಲ್ಲಿ 9 ಟನ್ ಬೀಳುತ್ತದೆ. ಆಧಾರ ನಂಬುವಂತಿರಬೇಕಾದರೆ ಅದನ್ನು ಹೊರಬೇಕಾದ ಭಾರಕ್ಕಿಂತ ಕನಿಷ್ಠ ಒಂದೂವರೆ ಪಟ್ಟಿಗೆ ಒತ್ತಿ ನೋಡಬೇಕು. ಮನೆಯೇ ಎದುರೊತ್ತು ಕೊಡಬೇಕಾದಾಗ, ಪಕ್ಕದ ಗೋಡೆಯ ಭಾರವನ್ನೂ ಎರವಲು ಪಡೆದು ಅಷ್ಟು ಒತ್ತಬಹುದು, ಆದರೆ ಅದಕ್ಕೆ ಪಾಯ ಗಟ್ಟಿಯಾಗಿರಬೇಕು, ಮೇಲೆ ಆರ್‌ಸಿಸಿ ಪ್ಲಿಂತ್ ಬೀಮ್ ಇರಬೇಕು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲು ಪಾಯ, ಮೇಲೆ ಹಂಚು ಅಥವಾ ತಗಡಿನ ಚಾವಣಿ ಇರುವ ಹಗುರ ಮನೆಯಲ್ಲಿ ಜಾಕ್ ಒತ್ತಿದರೆ ಕೊಳವೆ ಆಳಕ್ಕೆ ಇಳಿಯುವ ಮೊದಲು ಮನೆಯೇ ಮೇಲೇಳುತ್ತದೆ. ಗುತ್ತಿಗೆದಾರ ಅದನ್ನೇ ಗಟ್ಟಿ ನೆಲ ಸಿಕ್ಕಿತೆಂದು ತೋರಿಸುತ್ತಾನೆ. ಅಂಥ ಮನೆಗೆ ತಿರುಪು ಕಂಬವೋ ಮೈಕ್ರೊಪೈಲೋ ಆಗಬೇಕು, ಏಕೆಂದರೆ ಅವು ಇಳಿಯಲು ಮನೆಯ ಭಾರವನ್ನು ಕೇಳುವುದಿಲ್ಲ.

ಆಳದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದ ಎರೆ ಮಣ್ಣಿಗೆಂದೇ ಬುಡದಲ್ಲಿ ಗೆಡ್ಡೆಯಿರುವ ಪೈಲುಗಳನ್ನು (ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು), ಅಂದರೆ ಅಂಡರ್‌ರೀಮ್ಡ್ ಪೈಲುಗಳನ್ನು ರೂಪಿಸಿ ದಶಕಗಳೇ ಕಳೆದಿವೆ. ಋತುಮಾನದ ಒಣಗು-ನೆನೆತ ಸುಮಾರು 3.5 ಮೀಟರ್ ಆಳದವರೆಗೆ ಇರುತ್ತದೆಂಬ ಅನುಭವದ ಮೇಲೆ, ಆಳವಾದ ಎರೆಯಲ್ಲಿ ಪೈಲಿನ ಉದ್ದ 3.5 ಮೀಟರಿಗಿಂತ ಕಡಿಮೆಯಿರಬಾರದೆಂದು ಐಎಸ್ 2911 ಮಾನಕದ ಮೂರನೆಯ ಭಾಗ ಹೇಳುತ್ತದೆ. ಬುಡದ ಗೆಡ್ಡೆಯ ವ್ಯಾಸ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಅದು ಭಾರ ಹೊರುವುದಷ್ಟೇ ಅಲ್ಲ, ಮೇಲಿನ ಮಣ್ಣು ಉಬ್ಬುತ್ತ ಕಂಬದ ಮೈಹಿಡಿದು ಎಳೆಯುವಾಗ ಕಿತ್ತುಬರದಂತೆ ತಡೆಯುತ್ತದೆ. ಉಕ್ಕಿನ ಕಂಬಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ತಿರುಪು ಕಂಬದ ತಟ್ಟೆಗಳು ಉಬ್ಬು-ಕುಗ್ಗಿನ ವಲಯದ ಕೆಳಗೆ ಇದ್ದರೆ ಗೆಡ್ಡೆಯ ಕೆಲಸವನ್ನೇ ಮಾಡುತ್ತವೆ. ಆ ವಲಯದ ಒಳಗೇ ನಿಂತರೆ ಮಣ್ಣಿನ ಜೊತೆಗೇ ಏರುತ್ತವೆ, ಇಳಿಯುತ್ತವೆ, ಅವುಗಳ ಜೊತೆಗೆ ಮನೆಯೂ. ಮೇಲಿನ 3-4 ಮೀಟರಿನಲ್ಲಿ ಕಂಬಕ್ಕೆ ಮಣ್ಣು ಹಿಡಿಯದಂತೆ ಹೊರಕವಚ ಹಾಕುವುದು, ಡಾಂಬರು ಲೇಪಿಸುವುದು ಇದಕ್ಕಾಗಿಯೇ. ಕರಪತ್ರದಲ್ಲಿ ಹತ್ತು ಅಡಿ ಆಳವೆಂದು ಬರೆದಿದ್ದರೆ, ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಅದಕ್ಕೂ ಮೊದಲೇ ಸಿಗುವ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಅದು ಸಾಕಾಗಬಹುದು. ಆಳ ಎರೆಯಲ್ಲಿ ಸಾಲದು.

ಇನ್ನೊಂದು ಅಂಶವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಪೈಲುಗಳ ಮೇಲೆ ಹೊಸದಾಗಿ ಮನೆ ಕಟ್ಟುವಾಗ ಗ್ರೇಡ್ ಬೀಮಿನ (ಪೈಲುಗಳ ತಲೆ ಜೋಡಿಸಿ ಗೋಡೆ ಹೊರುವ ಬೀಮಿನ) ಕೆಳಗೆ ಸುಮಾರು 80 ಮಿಲಿಮೀಟರ್ ಖಾಲಿ ಜಾಗ ಬಿಡಬೇಕೆಂಬ ನಿಯಮವಿದೆ, ಉಬ್ಬುವ ಮಣ್ಣು ಬೀಮನ್ನು ತಳ್ಳದಿರಲೆಂದು. ಈಗಾಗಲೇ ಇರುವ ಮನೆಯ ಪಾಯ ಮಾತ್ರ ಮಣ್ಣಿನ ಮೇಲೇ ಕೂತಿರುತ್ತದೆ. ಅದಕ್ಕೆ ಬದಿಯಿಂದ ಉಕ್ಕಿನ ಕಂಬ ಕೊಟ್ಟು ಕೆಳಗಿನ ಮಣ್ಣನ್ನು ಹಾಗೇ ಬಿಟ್ಟರೆ, ಬೇಸಿಗೆಯಲ್ಲಿ ಕಂಬ ಮನೆಯನ್ನು ಹಿಡಿದು ನಿಲ್ಲಿಸುತ್ತದೆ, ಮಳೆಗಾಲದಲ್ಲಿ ಮಣ್ಣು ಪಾಯವನ್ನು ಬ್ರ್ಯಾಕೆಟ್ಟಿನಿಂದಲೇ ಎತ್ತಲು ನೋಡುತ್ತದೆ. ಒಳಗಿನ ನೆಲಹಾಸಿಗಂತೂ ಕಂಬದ ಆಸರೆ ಇರುವುದೇ ಇಲ್ಲ. ಗೋಡೆ ಅಲುಗದೆ ನಿಂತು, ನೆಲ ಮಾತ್ರ ಉಬ್ಬಿ ಇಳಿಯುತ್ತ, ಗೋಡೆಯ ಬುಡದ ಸುತ್ತ ಹೊಸ ಸೀಳು ಕಾಣಿಸಿಕೊಂಡ ಮನೆಗಳಲ್ಲಿ ಯಜಮಾನರು ಕೆಲಸವೇ ಕೆಟ್ಟಿತೆಂದು ದೂರುತ್ತಾರೆ. ಕಂಬ ತನ್ನ ಕೆಲಸ ಮಾಡಿದೆ, ಆದರೆ ಅದು ಎಲ್ಲಿಯವರೆಗೆ ಮಾಡಬಲ್ಲದು ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಹುಬ್ಬಳ್ಳಿಯ ಒಂದು ಬಡಾವಣೆಯಲ್ಲಿ ನಾನೇ ಹೋಗಿ ನೋಡಿದ ಮನೆಯೊಂದರ ಸ್ಥಿತಿಯನ್ನು ಇಲ್ಲಿ ಹೇಳಲೇಬೇಕು. ಬಚ್ಚಲುಮನೆಯ ಕಡೆಯ ಹಿಂಗೋಡೆ ಇಳಿದಿತ್ತು. ಗುತ್ತಿಗೆದಾರರು ಹಿಂಗೋಡೆಗೆ ಮಾತ್ರ ಆಧಾರ ಕೊಟ್ಟು, ಜಾಕಿನಿಂದ ಅದನ್ನು ಮೊದಲಿನ ಮಟ್ಟಕ್ಕೆ ಎತ್ತಿ, ಬಿರುಕುಗಳಿಗೆ ಗಿಲಾವು ಮಾಡಿಸಿ, ಬಣ್ಣ ಬಳಿಸಿ ಹಣ ಪಡೆದು ಹೋದರು. ಮುಂದಿನ ಬೇಸಿಗೆಯಲ್ಲಿ ಮನೆಯ ಉಳಿದ ಭಾಗ ಎಂದಿನಂತೆ ತುಸು ಇಳಿಯಿತು, ಕಂಬಗಳ ಮೇಲಿದ್ದ ಹಿಂಗೋಡೆ ಇಳಿಯಲಿಲ್ಲ. ಎರಡರ ಸಂಧಿಯಲ್ಲಿ, ಅದುವರೆಗೆ ಒಂದು ಗೆರೆಯೂ ಇಲ್ಲದಿದ್ದ ಅಡ್ಡಗೋಡೆಯಲ್ಲಿ, ಲಿಂಟಲ್‌ನಿಂದ ನೆಲದವರೆಗೆ ಬಿರುಕು ಬಿಟ್ಟಿತು; ಅದರೊಳಗೆ ಹತ್ತು ರೂಪಾಯಿಯ ನಾಣ್ಯ ನಿಲ್ಲುತ್ತಿತ್ತು. ಬಚ್ಚಲಿನ ನೀರು ಹೋಗುವ ಪೈಪಿನ ಒಂದು ಜೋಡಣೆ, ಮನೆ ಎತ್ತುವಾಗಲೇ ಬಿಟ್ಟುಹೋಗಿರಬೇಕು, ಪಾಯದ ಬದಿಗೇ ಸೋರುತ್ತಿತ್ತು. ಮೊದಲ ಕುಸಿತಕ್ಕೂ ಆ ಪೈಪಿನ ಸೋರಿಕೆಯೇ ಕಾರಣವಾಗಿತ್ತೇ ಎಂದು ತಿಳಿಯುವ ಅವಕಾಶವನ್ನು ಹೊಸ ಕಾಂಕ್ರೀಟು ಮುಚ್ಚಿಬಿಟ್ಟಿತ್ತು. ಮನೆಯವರ ಕೈಯಲ್ಲಿದ್ದ ದಾಖಲೆ ಒಂದು ಬಿಲ್ಲು ಮಾತ್ರ. ಎಷ್ಟು ಕಂಬ, ಯಾವ ದಪ್ಪದ ಉಕ್ಕು, ಎಷ್ಟು ಆಳ, ಎಷ್ಟು ಒತ್ತಡ, ಒಂದನ್ನೂ ಅದರಲ್ಲಿ ಬರೆದಿರಲಿಲ್ಲ.

ಆ ದಾಖಲೆ ಕೇಳುವುದು ಅತಿಯಾದ ಬೇಡಿಕೆಯೇನಲ್ಲ. ಕೊಳವೆಯನ್ನು ಒತ್ತುವ ಜಾಕಿಗೆ ಗೇಜ್ ಇದ್ದೇ ಇರುತ್ತದೆ. ಜಾಕಿನ ಪಿಸ್ಟನ್ನಿನ ವಿಸ್ತೀರ್ಣ 50 ಚದರ ಸೆಂಟಿಮೀಟರ್ ಇದ್ದು, ಗೇಜಿನ ಮುಳ್ಳು ಚದರ ಸೆಂಟಿಮೀಟರಿಗೆ 200 ಕಿಲೊ ತೋರಿಸಿದರೆ ಕಂಬದ ಮೇಲೆ 10 ಟನ್ ಬಿದ್ದಿದೆಯೆಂದು ಹೈಸ್ಕೂಲು ಓದಿದ ಹುಡುಗನೂ ಲೆಕ್ಕ ಹಾಕಬಲ್ಲ. ಪ್ರತಿ ಕೊಳವೆಯ ತುಂಡು ಇಳಿದಾಗ ಆಳ ಮತ್ತು ಗೇಜಿನ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ, ಒತ್ತಡ ಮೆಲ್ಲಮೆಲ್ಲನೆ ಏರುತ್ತ ಹೋಯಿತೇ ಅಥವಾ ಒಮ್ಮೆಲೇ ನೆಗೆಯಿತೇ ಎಂಬುದು ಕಾಣುತ್ತದೆ. ಒಮ್ಮೆಲೇ ನೆಗೆದಿದ್ದರೆ ಕೊಳವೆಯ ತುದಿ ಒಂದು ಒಂಟಿ ಗುಂಡುಕಲ್ಲಿಗೋ ಹಳೆಯ ಪಾಯದ ಕಲ್ಲಿಗೋ ತಾಗಿ ನಿಂತಿರಬಹುದು, ಗಟ್ಟಿ ಪದರ ಸಿಕ್ಕಿರಲಾರದು. ಪಕ್ಕದ ಕಂಬ 6 ಮೀಟರ್ ಇಳಿದು ಇದೊಂದು 2 ಮೀಟರಿಗೇ ನಿಂತಿದ್ದರೆ ಅನುಮಾನ ಇನ್ನೂ ಗಟ್ಟಿ. ತಿರುಪು ಕಂಬಕ್ಕೆ ತಿರುಗಿಸುವ ಬಲದ ಅಂಕಿಯೇ ಸಾಮರ್ಥ್ಯದ ಸೂಚನೆ, ಅದನ್ನೂ ಬರೆದಿಡಬಹುದು. ಉಕ್ಕು ತುಕ್ಕು ಹಿಡಿಯುವ ವಸ್ತು. ಸೆಪ್ಟಿಕ್ ಗುಂಡಿಯ ಪಕ್ಕದ ತೇವದ ಮಣ್ಣಿನಲ್ಲಂತೂ ಬೇಗ. ಆದ್ದರಿಂದ ಕೊಳವೆಯ ಗೋಡೆಯ ದಪ್ಪ ಎಷ್ಟು, ಸತುವಿನ ಲೇಪ ಇದೆಯೇ, ಒಳಗೆ ಗ್ರೌಟ್ ತುಂಬಿದೆಯೇ ಎಂಬುದೂ ಆ ಹಾಳೆಯಲ್ಲಿ ಇರಬೇಕು.

ಮನೆಯನ್ನು ಜಾಕಿನ ಮೇಲೆ ಎತ್ತಿಸುವ ಕೆಲಸದೊಂದಿಗೆ ಇದನ್ನು ಬೆರೆಸಿಕೊಳ್ಳಬಾರದೆಂದೂ ಹೇಳಬೇಕು. ರಸ್ತೆಗಿಂತ ತಗ್ಗಾದ ಮನೆಗಳನ್ನು ನೂರಾರು ಸ್ಕ್ರೂ ಜಾಕುಗಳ ಮೇಲೆ ಎರಡು ಮೂರು ಅಡಿ ಎತ್ತಿ ಕೆಳಗೆ ಇಟ್ಟಿಗೆ ಕಟ್ಟುವ ಹರಿಯಾಣದ ತಂಡಗಳ ಕೌಶಲವನ್ನು ನಾನು ಮೆಚ್ಚುತ್ತೇನೆ. ಅದು ಮಳೆನೀರು ಒಳನುಗ್ಗುವುದನ್ನು ತಪ್ಪಿಸುತ್ತದೆ. ಮನೆಯನ್ನು ಅದೇ ಮಣ್ಣಿನ ಮೇಲೆ ಇನ್ನಷ್ಟು ಭಾರದೊಂದಿಗೆ ಮತ್ತೆ ಕೂರಿಸುತ್ತದೆ. ಮಣ್ಣೇ ಕುಸಿಯುತ್ತಿದ್ದರೆ ಅದರಿಂದ ಪ್ರಯೋಜನವಿಲ್ಲ. ಆಳದ ಆಧಾರ ಕೊಟ್ಟ ಮೇಲೂ ಮನೆಯನ್ನು ಮೊದಲಿನ ಮಟ್ಟಕ್ಕೇ ತರಬೇಕೆಂಬ ಹಠ ಬೇಡ. ಬಿರುಕಿನೊಳಗೆ ವರ್ಷಗಳಿಂದ ಗಿಲಾವಿನ ಚೂರು, ಮರಳು ತುಂಬಿಕೊಂಡಿರುತ್ತದೆ. ಅದು ಮತ್ತೆ ಮುಚ್ಚಿಕೊಳ್ಳದೆ ಇನ್ನೊಂದು ಕಡೆ ಗೋಡೆಯನ್ನು ಸೀಳುತ್ತದೆ. ಇದ್ದಲ್ಲೇ ನಿಲ್ಲಿಸುವುದು ಅನೇಕ ವೇಳೆ ಜಾಣತನ.

ಆಳದ ಆಧಾರವೇ ಬೇಕಿಲ್ಲದ ಮನೆಗಳೂ ಬಹಳ ಇವೆ. ಏರಿಳಿತ ಸಣ್ಣದಾಗಿದ್ದು, ನೀರೇ ಅದಕ್ಕೆ ಕಾರಣವಾಗಿದ್ದರೆ ಸೋರಿಕೆ ನಿಲ್ಲಿಸಿ, ಮನೆಯ ಸುತ್ತ ಎರಡು ಮೀಟರ್ ಅಗಲಕ್ಕೆ ನೀರು ಇಂಗದಂಥ ಇಳಿಜಾರಿನ ಹಾಸು ಮಾಡಿಸಿ, ಮಾಳಿಗೆ ನೀರನ್ನು ದೂರ ಹರಿಸಿ ಒಂದು ವರ್ಷ ಕಾದು ನೋಡಬಹುದು. ಹೊಸದಾಗಿ ಕಟ್ಟುವವರಿಗೆ ಎರೆ ತೆಗೆದು, ಉಬ್ಬದ ಗರಸನ್ನು ಪದರ ಪದರವಾಗಿ ದಮ್ಮಸು ಮಾಡಿ ತುಂಬುವ ದಾರಿಯೂ ಇದೆ. ಉಬ್ಬದ ಅಂಟುಮಣ್ಣಿನ ಇಂಥ ಪದರದ ಬಗ್ಗೆ ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿಯವರು ನಡೆಸಿದ ಸಂಶೋಧನೆಯನ್ನು ನಮ್ಮದೇ ಮಲಪ್ರಭಾ ಕಾಲುವೆಯ ಕಾಮಗಾರಿಯಲ್ಲಿ ಬಳಸಲಾಗಿತ್ತು.

ಖರ್ಚನ್ನು ಯಾರು ಹೊರಬೇಕೆಂಬುದನ್ನೂ ಓದುಗರು ತಿಳಿದಿರಬೇಕು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ವಿಮೆಯಲ್ಲಿ ಮನೆ ನಿಂತ ನೆಲದ ಕುಸಿತಕ್ಕೆ ರಕ್ಷಣೆಯಿದೆ. ಆದರೆ ಹೊಸ ಕಟ್ಟಡದ ಸಹಜ ಇಳಿತ, ಸಾಮಾನ್ಯ ಬಿರುಕು, ಭರ್ತಿ ಮಾಡಿದ ನೆಲದ ಇಳಿತ, ದೋಷಪೂರಿತ ವಿನ್ಯಾಸ ಇವೆಲ್ಲ ಅದರ ಹೊರಗಿವೆ. ಎರೆ ಮಣ್ಣಿನ ಬಿರುಕುಗಳಲ್ಲಿ ಹೆಚ್ಚಿನವು ಈ ಹೊರಗಿನ ಪಟ್ಟಿಗೇ ಸೇರುತ್ತವೆ ಎಂಬ ನಿರೀಕ್ಷೆ ಇಟ್ಟುಕೊಂಡಿರುವುದು ಲೇಸು. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ವ್ಯಾಪ್ತಿಯ ಯೋಜನೆಯಲ್ಲಿ ಮನೆ ಕೊಂಡವರಿಗೆ ಸ್ವಾಧೀನ ಪಡೆದ ದಿನದಿಂದ 5 ವರ್ಷದೊಳಗೆ ರಚನೆಯ ದೋಷ ಕಂಡುಬಂದರೆ, ತಿಳಿಸಿದ 30 ದಿನಗಳಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಿಕೊಡಬೇಕೆಂದು ಕಾಯ್ದೆಯ 14ನೆಯ ಕಲಂ ಹೇಳುತ್ತದೆ. ಮೇಲೆ ಹೇಳಿದ ತಾರೀಖು ಬರೆದ ಪೆನ್ಸಿಲ್ ಗೆರೆಗಳು, ಗಾಜಿನ ಪಟ್ಟಿಯ ಫೋಟೊಗಳು ಅಲ್ಲಿ ಸಾಕ್ಷಿಯಾಗುತ್ತವೆ.

ಕೊನೆಯದಾಗಿ ಮಹಾನಗರ ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ನನ್ನ ವಿನಂತಿ. ಎರೆ ಮಣ್ಣಿನ ಉಬ್ಬುವ ಗುಣ ತಿಳಿಯುವ ಪ್ರಾಥಮಿಕ ಪರೀಕ್ಷೆ ಬಹಳ ಅಗ್ಗದ್ದು. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಅಳತೆ ಜಾಡಿಯಲ್ಲಿ ನೀರಿಗೂ ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿ, ಒಂದು ದಿನ ಬಿಟ್ಟು ಎರಡರ ಗಾತ್ರ ಹೋಲಿಸಿದರೆ ಸಾಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಗಾತ್ರ ಅದರ ದುಪ್ಪಟ್ಟು ಮೀರಿದರೆ ಆ ನಿವೇಶನಕ್ಕೆ ಮಾಮೂಲಿ ಪಾಯ ಹೊಂದುವುದಿಲ್ಲವೆಂದೇ ತಿಳಿಯಬೇಕು. ಬಡಾವಣೆಗೆ ಅನುಮೋದನೆ ಕೊಡುವಾಗಲೇ ಈ ಪರೀಕ್ಷೆಯನ್ನೂ, ಗರಸು ಎಷ್ಟು ಆಳದಲ್ಲಿದೆಯೆಂಬ ಬೋರ್ ದಾಖಲೆಯನ್ನೂ ಕೇಳಿ ಪಡೆದು, ಸಾರ್ವಜನಿಕರು ನೋಡುವಂತೆ ಇಟ್ಟರೆ, ಮನೆ ಕಟ್ಟುವವರಿಗೂ ಮನೆ ರಿಪೇರಿ ಮಾಡಿಸುವವರಿಗೂ ಪ್ರತಿ ಬಾರಿ ಹೊಸದಾಗಿ ಮಣ್ಣು ಅಗೆಸಬೇಕಾದ ಅಗತ್ಯ ಬಹಳಷ್ಟು ತಪ್ಪುತ್ತದೆ. ನಮ್ಮ ಅವಳಿ ನಗರದಲ್ಲಿ ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳಿವೆ, ಮಣ್ಣನ್ನೇ ಅಭ್ಯಾಸ ಮಾಡುವ ಕೃಷಿ ವಿಶ್ವವಿದ್ಯಾಲಯವಿದೆ. ಪಾಲಿಕೆ ಅವುಗಳ ಜೊತೆ ಒಪ್ಪಂದ ಮಾಡಿಕೊಂಡು ನಿಗದಿತ ಶುಲ್ಕಕ್ಕೆ ಮನೆಮಾಲೀಕರ ಮಣ್ಣನ್ನು ಪರೀಕ್ಷಿಸಿಕೊಡಬಹುದು. ಇರುವ ಮನೆಯ ಪಾಯ ಮುಟ್ಟುವ ಯಾವ ಕೆಲಸಕ್ಕಾದರೂ ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರರ ಸಹಿಯುಳ್ಳ ನಕ್ಷೆ ಮತ್ತು ಪ್ರತಿ ಕಂಬದ ಆಳ-ಒತ್ತಡದ ಹಾಳೆಯನ್ನು ಪಾಲಿಕೆಯ ವಲಯ ಕಚೇರಿಗೆ ಸಲ್ಲಿಸುವುದನ್ನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಓದುಗರು ಕೊನೆಯ ಕಂತಿನ ಹಣ ಕೊಡುವ ಮೊದಲು ಆ ಹಾಳೆಯನ್ನು ತಾವೇ ಕೇಳಿ ಪಡೆದು, ಮನೆಯ ಖರೀದಿ ಪತ್ರದ ಜೊತೆ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಿವಿಲ್ ಎಂಜಿನಿಯರ್,
ಧಾರವಾಡ